ಸ್ಟೇಬಲ್‌ಫರ್ಡ್ ಅಂಕ ಎಣಿಸುವುದು ಹೀಗೆ

ಕಾಫಿ ಕೊಯ್ಲು ಮುಗಿದ ಮೇಲೆ ಭಾನುವಾರ ಬೆಳಿಗ್ಗೆ ಚಿಕ್ಕಮಗಳೂರಿನಲ್ಲಿ ನಾನು ಗಾಲ್ಫ್ ಆಡುತ್ತೇನೆ. ಹೊಸಬರಿಗೆ ಮೊದಲು ಹೇಳಿಕೊಡುವುದು ಸ್ಟೇಬಲ್‌ಫರ್ಡ್ ಲೆಕ್ಕ: ಒಟ್ಟು ಹೊಡೆತ ಎಣಿಸುವ ಬದಲು ಪ್ರತಿ ಹೋಲ್‌ಗೂ ಅಂಕ ಕೊಡುವ ಪದ್ಧತಿ.

ನನ್ನ ಹ್ಯಾಂಡಿಕ್ಯಾಪ್, ಅಂದರೆ ಆಟದ ಮಟ್ಟಕ್ಕೆ ತಕ್ಕಂತೆ ಸಿಗುವ ಹೊಡೆತಗಳ ರಿಯಾಯಿತಿ, 20. 18 ಹೋಲ್‌ಗೂ ಒಂದೊಂದು ಹೊಡೆತ ರಿಯಾಯಿತಿ. ಉಳಿದ ಎರಡು, ಕಾರ್ಡಿನಲ್ಲಿ ಸ್ಟ್ರೋಕ್ ಇಂಡೆಕ್ಸ್ 1, 2 ಎಂದಿರುವ ಕಷ್ಟದ ಹೋಲ್‌ಗಳಿಗೆ. ಇಂಡೆಕ್ಸ್ 1ರ ಹೋಲ್‌ನ ಪಾರ್ (ಆ ಹೋಲ್‌ಗೆ ನಿಗದಿಯಾದ ಹೊಡೆತಗಳು) 4 ಆಗಿದ್ದು ನಾನು 6 ಹೊಡೆದರೆ, 2 ಕಳೆದು 4. ಅಂದರೆ ಪಾರ್, 2 ಅಂಕ. 7 ಹೊಡೆದರೆ 1 ಅಂಕ, 5ಕ್ಕೆ 3. ಎಂಟಾದರೆ ಸೊನ್ನೆ. ಆಗ ಸುಮ್ನೆ ಚೆಂಡು ಎತ್ತಿಕೊಂಡು ಮುಂದೆ ನಡೆಯಿರಿ. ಒಂದು ಕೆಟ್ಟ ಹೋಲ್‌ನಿಂದ ಇಡೀ ಬೆಳಿಗ್ಗೆ ಹಾಳಾಗಬಾರದು, ಅಲ್ವಾ? 1932ರಲ್ಲಿ ಇಂಗ್ಲೆಂಡಿನ ವಾಲಸೀ ಕ್ಲಬ್ಬಿನಲ್ಲಿ ಡಾ. ಫ್ರಾಂಕ್ ಸ್ಟೇಬಲ್‌ಫರ್ಡ್ ಈ ಪದ್ಧತಿ ತಂದದ್ದೂ ಅದಕ್ಕೇ.

ಒಟ್ಟು 36 ಬಂದರೆ ಹ್ಯಾಂಡಿಕ್ಯಾಪ್‌ಗೆ ತಕ್ಕ ಆಟ. ಕಾರ್ಡಿನಲ್ಲಿ ಮಾತ್ರ ಹೊಡೆತಗಳನ್ನೂ ತಪ್ಪದೆ ಬರೆಯಿರಿ.