ಎಕೋದಲ್ಲಿ ವಲ್ಸಾಲ್ವಾ ಸೈನಸ್ ಒಡೆದದ್ದನ್ನು ಹಿಡಿದದ್ದು: ನನ್ನ ಅನುಭವ

ನಾನು ಕಲಬುರಗಿಯಲ್ಲಿ ಹೃದಯದ ಎಕೋ, ಅಂದರೆ ಅಲ್ಟ್ರಾಸೌಂಡ್, ಮಾಡುವ ವೈದ್ಯ. ನೆಹರು ಗಂಜ್‌ನಲ್ಲಿ ತೊಗರಿ ಚೀಲ ಹೊರುವ ಹುಡುಗನೊಬ್ಬ ಏದುಸಿರು ಬಿಡುತ್ತಾ ಬಂದ. "ಚೀಲ ಎತ್ತುವಾಗ ಎದ್ಯಾಗ ಏನೋ ಹರದಂಗಾತ್ರಿ ಸಾಹೇಬ್ರ" ಅಂದ. ಅಂದಿನಿಂದ ದಮ್ಮು, ಕಾಲಲ್ಲಿ ಬಾವು.

ಬಿಪಿ ನೋಡಿದರೆ ಕೆಳಗಿನ ಅಂಕಿ ತೀರಾ ಕಡಿಮೆ, ನಾಡಿ ಮಾತ್ರ ಬೆರಳಿಗೆ ಜೋರಾಗಿ ಬಡಿಯುತ್ತಿತ್ತು. ಎದೆಮೂಳೆಯ ಎಡಕ್ಕೆ, ಕೆಳಗಡೆ ಕೈ ಇಟ್ಟರೆ ಅದುರು. ಸ್ಟೆತಸ್ಕೋಪ್ ಇಟ್ಟರೆ ನಡುವೆ ಎಲ್ಲೂ ನಿಲ್ಲದ ಮರ್ಮರ್, ಅಂದರೆ ರಕ್ತ ನುಗ್ಗುವ ಸದ್ದು. ಹುಟ್ಟಿದ ಮೇಲೆ ಮುಚ್ಚಿಕೊಳ್ಳಬೇಕಾದ ಹೃದಯದ ಹತ್ತಿರದ ರಕ್ತನಾಳ ತೆರೆದೇ ಉಳಿಯುವ ಪಿಡಿಎದಲ್ಲೂ ಹೀಗೇ ಕೇಳುತ್ತದೆ, ಆದರೆ ಅದು ಮೇಲೆ, ಎಡ ಕಾಲರ್ ಮೂಳೆಯ ಕೆಳಗೆ ಜಾಸ್ತಿ. ಜಾಗವೇ ಅರ್ಧ ಉತ್ತರ ಹೇಳಿಬಿಡುತ್ತದೆ.

ಹೃದಯದಿಂದ ಹೊರಡುವ ದೊಡ್ಡ ರಕ್ತನಾಳ ಅಯೋರ್ಟಾದ ವಾಲ್ವ್‌ನ ಮೇಲೆಯೇ ಮೂರು ಸಣ್ಣ ಉಬ್ಬುಗಳಿರುತ್ತವೆ, ಅವೇ ವಲ್ಸಾಲ್ವಾ ಸೈನಸ್. ಕೆಲವರಲ್ಲಿ ಹುಟ್ಟಿನಿಂದಲೇ ಅಯೋರ್ಟಾದ ನಡುಪದರ ವಾಲ್ವ್‌ನ ಉಂಗುರಕ್ಕೆ ಸರಿಯಾಗಿ ಕೂಡಿಕೊಂಡಿರುವುದಿಲ್ಲ, ವರ್ಷಗಟ್ಟಲೆ ರಕ್ತದ ಒತ್ತಡ ಬಿದ್ದು ಅಲ್ಲೇ ಊದಿಕೊಳ್ಳುತ್ತದೆ. ಹೆಚ್ಚಾಗಿ ಬಲ ಉಬ್ಬು. ಅದು ಒಡೆದರೆ ಸಾಮಾನ್ಯವಾಗಿ ಹೃದಯದ ಬಲ ಕೆಳಕೋಣೆಗೆ.

ಪ್ರೋಬ್ ಇಟ್ಟು ವಾಲ್ವ್‌ನ ಮಟ್ಟದಲ್ಲಿ ಅಡ್ಡಕ್ಕೆ ನೋಡಿದೆ. ತುದಿ ಹರಿದ ಗಾಳಿಚೀಲದಂತೆ ಬಲ ಕೋಣೆಯೊಳಗೆ ಅದು ಪಟಪಟ ಅಲ್ಲಾಡುತ್ತಿತ್ತು. ರಕ್ತದ ಹರಿವನ್ನು ಬಣ್ಣದಲ್ಲಿ ತೋರಿಸುವ ಕಲರ್ ಹಾಕಿದ ಮೇಲೆ ಆತುರ ಬೇಡ. ಬಣ್ಣ ಎಲ್ಲಿಂದ ಶುರುವಾಗುತ್ತದೆ ಅನ್ನುವುದೇ ಮುಖ್ಯ. ವಾಲ್ವ್‌ನ ಮೇಲಿಂದ ಬಂದರೆ ಸೈನಸ್ ಒಡೆದದ್ದು, ಕೆಳಗಿಂದ ಬಂದರೆ ವಿಎಸ್‌ಡಿ, ಅಂದರೆ ಎರಡು ಕೆಳಕೋಣೆಗಳ ನಡುವಿನ ಗೋಡೆಯಲ್ಲಿ ತೂತು. ಹರಿವಿನ ವೇಗ ಅಳೆಯುವ ಡಾಪ್ಲರ್‌ನಲ್ಲಿ ಹೃದಯ ಕುಗ್ಗುವಾಗಲೂ ಹಿಗ್ಗುವಾಗಲೂ ಹರಿವು ಕಂಡಿತು. ವಿಎಸ್‌ಡಿಯಲ್ಲಿ ಮುಖ್ಯವಾಗಿ ಕುಗ್ಗುವಾಗ ಮಾತ್ರ.

ಇಷ್ಟು ಸಿಕ್ಕಿತು ಅಂತ ಪ್ರೋಬ್ ಎತ್ತಬೇಡಿ. ಇವೆರಡೂ ಒಟ್ಟಿಗೇ ಇರುವುದು ಬಹಳ ಸಾಮಾನ್ಯ, ಮತ್ತೆ ಉಬ್ಬು ವಿಎಸ್‌ಡಿಯನ್ನು ಮುಚ್ಚಿಕೊಂಡು ಕೂತಿರುವುದೂ ಉಂಟು. ಕೋನ ಬದಲಿಸಿ ಹುಡುಕಿದಾಗ ಈ ಹುಡುಗನಲ್ಲೂ ವಿಎಸ್‌ಡಿ ಸಿಕ್ಕಿತು. ಅಯೋರ್ಟಿಕ್ ವಾಲ್ವ್ ಕೂಡ ಸ್ವಲ್ಪ ಸೋರುತ್ತಿತ್ತು. ಬರೀ ಸೈನಸ್‌ನ ತೂತಾಗಿದ್ದರೆ ತೊಡೆಯ ರಕ್ತನಾಳದ ಮೂಲಕ ಡಿವೈಸ್ ಹಾಕಿ ಮುಚ್ಚಬಹುದಿತ್ತು, 1994ರಿಂದ ಆ ದಾರಿಯಿದೆ. ಇಲ್ಲಿ ಆಪರೇಷನ್ನೇ ಸರಿ ಅನ್ನಿಸಿತು. ಯಾವ ಉಬ್ಬು, ಯಾವ ಕೋಣೆಗೆ, ತೂತಿನ ಅಳತೆ, ವಿಎಸ್‌ಡಿ, ವಾಲ್ವ್‌ನ ಸೋರಿಕೆ ಎಲ್ಲ ರಿಪೋರ್ಟ್‌ನಲ್ಲಿ ಬರೆದು ಸರ್ಜನ್‌ಗೆ ನಾನೇ ಫೋನ್ ಮಾಡಿದೆ.

"ರಾಶಿ ಮುಗಿಸಿ ಹೋದ್ರ ನಡಿತದೇನ್ರಿ?" ಅಂತ ಅವರಪ್ಪ ಕೇಳಿದರು. "ಇಲ್ಲ ಕಾಕಾ, ಹಾರ್ಟ್ ಸೋಲಾಕ ಶುರುವಾಗ್ಯದ, ಇವತ್ತೇ ಹೊರಡ್ರಿ" ಅಂದೆ. ಹೊರಟರು. ಸರ್ಜನ್ ಪ್ಯಾಚ್ ಹಾಕಿ ಎರಡನ್ನೂ ಮುಚ್ಚಿದರು. ಈಗ ಅವನು ಎಕೋಗೆ ಬಂದಾಗಲೆಲ್ಲ ನಾನು ಮೊದಲು ನೋಡುವುದು ಅಯೋರ್ಟಿಕ್ ವಾಲ್ವ್ ಸೋರಿಕೆ, ಯಾಕೆಂದರೆ ಅದು ಮುಂದೆ ನಿಧಾನಕ್ಕೆ ಹೆಚ್ಚಾಗಬಹುದು.