ಹೇಡಿಸ್ ಆ ಹುಡುಗಿಗೆ ಏನಾಗಬೇಕು?

ಗ್ರೀಕ್ ಪುರಾಣದ ಪರ್ಸೆಫನಿ ಅನ್ನೋ ಹುಡುಗಿಯ ಕತೆಯನ್ನು ಕನ್ನಡದಲ್ಲಿ ಬರೆದು ಮುಗಿಸಿ ಮೊದಲು ಓದಿ ಹೇಳಿದ್ದು ನಮ್ಮ ಅತ್ತೆಗೆ. ಅವರಿಗೆ ಎಪ್ಪತ್ತೆರಡು ವರ್ಷ, ಹಾಸನದ ಕಡೆಯವರು, ಗ್ರೀಸ್ ಎಲ್ಲಿದೆ ಅನ್ನೋದು ಅವರಿಗೆ ಬೇಕಿಲ್ಲದ ವಿಷಯ. ಪಾತಾಳದ ರಾಜ ಹೇಡಿಸ್ ನೆಲ ಸೀಳಿಕೊಂಡು ರಥದಲ್ಲಿ ಬಂದು, ಹೂವು ಕೀಳುತ್ತಿದ್ದ ಹುಡುಗಿಯನ್ನು ಎತ್ತಿಕೊಂಡು ಹೋದ ಅನ್ನೋ ತನಕ ಅವರೆಕಾಯಿ ಸುಲಿಯುತ್ತಾ ಸುಮ್ನೆ ಕೇಳಿಸಿಕೊಂಡರು. ಆಮೇಲೆ ಕೈ ನಿಲ್ಲಿಸಿದರು. "ಅಲ್ಲಮ್ಮ, ಅವನು ಆ ಹುಡುಗಿಗೆ ಏನಾಗಬೇಕು?"

ನಾನು ತಬ್ಬಿಬ್ಬಾದೆ. ನಾಲ್ಕು ತಿಂಗಳು ಈ ಕತೆಯ ಜೊತೆ ಇದ್ದವಳು ಈ ಲೆಕ್ಕವನ್ನೇ ಹಾಕಿರಲಿಲ್ಲ. ಇಬ್ಬರೂ ಕೂತು ಹಾಕಿದೆವು. ಹುಡುಗಿಯ ಅಮ್ಮ ಡಿಮೀಟರ್, ಬೆಳೆಯ ದೇವತೆ. ಅಪ್ಪ ಜೀಯಸ್, ದೇವರುಗಳ ರಾಜ. ಡಿಮೀಟರ್, ಹೇಡಿಸ್, ಜೀಯಸ್ ಮೂವರೂ ಕ್ರೋನಸ್‌ನ ಮಕ್ಕಳು, ಒಡಹುಟ್ಟಿದವರು. ಹೆಸಿಯಡ್ ಅನ್ನೋ ಹಳೆಯ ಕವಿ ಅವರು ಹುಟ್ಟಿದ ಕ್ರಮವನ್ನೂ ಹೇಳಿದ್ದಾನೆ. ಡಿಮೀಟರ್ ಎರಡನೆಯವಳು, ಹೇಡಿಸ್ ನಾಲ್ಕನೆಯವನು, ಜೀಯಸ್ ಎಲ್ಲರಿಗಿಂತ ಕಿರಿಯ. ಅಂದರೆ ಅಮ್ಮನ ಕಡೆಯಿಂದ ನೋಡಿದರೆ ಹೇಡಿಸ್ ಆ ಹುಡುಗಿಗೆ ಸೋದರಮಾವ. ಅಪ್ಪನ ಕಡೆಯಿಂದ ನೋಡಿದರೆ ದೊಡ್ಡಪ್ಪ.

ಅತ್ತೆ ಮೊದಲನೆಯದಕ್ಕೆ ತಲೆಯಾಡಿಸಿದರು, ಎರಡನೆಯದಕ್ಕೆ ಮುಖ ಕಿವುಚಿದರು. ಅವರನ್ನೂ ಸೋದರಮಾವನಿಗೇ ಕೊಟ್ಟಿದ್ದು, ಹದಿನಾರು ತುಂಬಿದ ವರ್ಷ. ಗ್ರೀಕರಲ್ಲಿ ದೇವರುಗಳ ಮಟ್ಟಿಗೆ ಅಣ್ಣ ತಂಗಿ ಮದುವೆಯೇ ನಡೆಯುತ್ತೆ, ಅದು ಬೇರೆ ಮಾತು. ಆದರೆ ಇಂಗ್ಲಿಷ್‌ನಲ್ಲಿ ಓದುವಾಗ ನನಗೆ 'ಅಂಕಲ್' ಅನ್ನೋ ಒಂದು ಪದದಲ್ಲಿ ಮುಚ್ಚಿಹೋಗಿದ್ದದ್ದು, ಕನ್ನಡಕ್ಕೆ ತಂದ ತಕ್ಷಣ ಎರಡು ಹೋಳಾಗಿ ಎದುರಿಗೆ ಬಂತು. ನಾನು ಬರೆದಿದ್ದ ಹದಿನಾಲ್ಕು ಪುಟವನ್ನು ಅವತ್ತೇ ಪಕ್ಕಕ್ಕಿಟ್ಟೆ.

ಮೊದಲ ಸಲ ಹೇಗೆ ಬರೆದಿದ್ದೆ ಅಂತ ಹೇಳಿಬಿಡ್ತೀನಿ, ಯಾಕಂದರೆ ಎಡವಿದ್ದು ಅಲ್ಲೇ. ನನಗೆ ಗ್ರೀಕ್ ಬರಲ್ಲ. ಈ ಕತೆಯ ಹಳೆಯ ರೂಪ ಇರೋದು ಡಿಮೀಟರ್‌ಳನ್ನು ಹಾಡುವ ಒಂದು ಸ್ತೋತ್ರದಲ್ಲಿ. ಅದಕ್ಕೆ ಹೋಮರನ ಹೆಸರು ಅಂಟಿಕೊಂಡಿದೆ, ಬರೆದವನು ಹೋಮರ್ ಅಲ್ಲ. ಸುಮಾರು 495 ಸಾಲು. 1914ರಲ್ಲಿ ಹ್ಯೂ ಈವ್ಲಿನ್-ವೈಟ್ ಮಾಡಿದ ಇಂಗ್ಲಿಷ್ ಅನುವಾದ ಪುಕ್ಕಟೆ ಸಿಗುತ್ತೆ, ಅದನ್ನೇ ಹಿಡಿದುಕೊಂಡೆ. ಅದರ ಇಂಗ್ಲಿಷ್ ಹಳೇ ಕಾಲದ ಗಾಂಭೀರ್ಯದ್ದು, ಅದು ನನ್ನ ಕನ್ನಡಕ್ಕೂ ಮೆತ್ತಿಕೊಂಡು ಡಿಮೀಟರ್ ಬಾಯಲ್ಲಿ ಪೌರಾಣಿಕ ಸಿನಿಮಾದ ಡೈಲಾಗ್ ಬರತೊಡಗಿತು. "ಎಲೈ ಸೂರ್ಯನೇ" ಅಂತೆಲ್ಲ. ಹೂವಿಗೂ ಸಂಪಿಗೆ ಅಂತ ಹಾಕಿದ್ದೆ, ಓದುಗರಿಗೆ ಹತ್ತಿರವಾಗಲಿ ಅಂತ. ಮೂಲದಲ್ಲಿ ಅದು ನಾರ್ಸಿಸಸ್. ಒಂದೇ ಗಡ್ಡೆಯಿಂದ ನೂರು ಹೂ ಎದ್ದಿರುತ್ತೆ, ಹುಡುಗಿಗೆ ಬಲೆ ಅಂತಲೇ ಭೂಮಿ ಅದನ್ನು ಬೆಳೆಸಿರುತ್ತಾಳೆ. ಸಂಪಿಗೆ ಮರದ ಮೇಲಿರುತ್ತೆ, ಅದನ್ನು ಕೀಳಲು ಯಾರೂ ಬಗ್ಗಲ್ಲ. ಬಗ್ಗದೇ ಹೋದರೆ ನೆಲ ಬಾಯಿ ಬಿಡೋದಾದರೂ ಹೇಗೆ?

ಹೆಸರುಗಳ ವಿಷಯದಲ್ಲೂ ಒದ್ದಾಡಿದೆ. ಡಿಮೀಟರ್‌ಳನ್ನು ಅನ್ನಪೂರ್ಣೆ ಮಾಡಿಬಿಡಲಾ ಅಂತ ಯೋಚನೆ ಬಂದಿತ್ತು. ನಮ್ಮಲ್ಲಿ ಅದಕ್ಕೆ ದೊಡ್ಡ ದಾರಿಯೇ ಇದೆ. ಬಿಎಂಶ್ರೀಯವರು ಸೊಫೊಕ್ಲಿಸ್‌ನ ಏಜಾಕ್ಸ್ ನಾಟಕವನ್ನು ಮಹಾಭಾರತಕ್ಕೆ ತಂದು 'ಅಶ್ವತ್ಥಾಮನ್' ಮಾಡಿದರು. ಆದರೆ ಅದೇ ಬಿಎಂಶ್ರೀ ಈಸ್ಕಿಲಸ್‌ನ ನಾಟಕವನ್ನು 'ಪಾರಸಿಕರು' ಅಂತ ಕನ್ನಡಕ್ಕೆ ತಂದಾಗ ಪರ್ಷಿಯನ್ನರನ್ನು ಪರ್ಷಿಯನ್ನರಾಗಿಯೇ ಬಿಟ್ಟರು. ನಾನು ಎರಡನೇ ದಾರಿ ಹಿಡಿದೆ. ಕಾರಣ ಸರಳ. ಅನ್ನಪೂರ್ಣೆ ಹಸಿದವರಿಗೆ ಬಡಿಸುವವಳು, ಡಿಮೀಟರ್ ಸಿಟ್ಟು ಬಂದಾಗ ಒಂದಿಡೀ ವರ್ಷ ಒಂದು ಬೀಜವನ್ನೂ ಮೊಳೆಯಲು ಬಿಡದೆ ಮನುಷ್ಯಕುಲವನ್ನೇ ಒಣಗಿಸಲು ಹೊರಟವಳು. ಹೆಸರು ಗ್ರೀಕಿನದ್ದೇ ಇರಲಿ, ಮಾತು ಕನ್ನಡದ್ದಾಗಲಿ ಅಂದುಕೊಂಡೆ. (ಜೀಯಸ್ ಅಂತ ಬರೆಯೋದೂ ಹಾಗೇ ತೀರ್ಮಾನವಾಗಿದ್ದು. 'ಜ್ಯೂಸ್' ಅಂತ ಹಾಕಿದ್ದ ಪುಟ ಓದಿ ನನ್ನ ಮಗ ಕಬ್ಬಿನದ್ದಾ ಮೋಸಂಬಿದಾ ಅಂದ.)

ಎರಡನೇ ಸಲ ಬೇರೆ ಥರ ಮಾಡಿದೆ. ಹತ್ತಿಪ್ಪತ್ತು ಸಾಲು ಓದುವುದು, ಪುಸ್ತಕ ಮುಚ್ಚುವುದು, ಅಡುಗೆಮನೆಗೆ ಹೋಗಿ ಅತ್ತೆಗೆ ಅಷ್ಟನ್ನು ಬಾಯಲ್ಲಿ ಹೇಳುವುದು. ಫೋನ್‌ನಲ್ಲಿ ರೆಕಾರ್ಡ್ ಆಗುತ್ತಿರುತ್ತಿತ್ತು. ರಾತ್ರಿ ಅದನ್ನು ಕೇಳಿಕೊಂಡು ಬರೆಯುತ್ತಿದ್ದೆ. ಎಲ್ಲಿ ತೊದಲಿದ್ದೀನೋ ಅಲ್ಲಿ ಕತೆ ನನಗೇ ಅರ್ಥ ಆಗಿಲ್ಲ ಅಂತ ಗೊತ್ತಾಗುತ್ತಿತ್ತು.

ಮೊದಲ ಮೂರು ಸಾಲಲ್ಲೇ ತೊದಲಿದೆ. ಮೂಲದಲ್ಲಿ ಅಲ್ಲಿ ಎರಡು ಕ್ರಿಯಾಪದ ಪಕ್ಕಪಕ್ಕ ಇವೆ. ಹೇಡಿಸ್ ಎಳೆದುಕೊಂಡು ಹೋದ, ಜೀಯಸ್ ಕೊಟ್ಟ. ನಾನು ಚಿಕ್ಕಂದಿನಲ್ಲಿ ಓದಿದ ಮಕ್ಕಳ ಪುಸ್ತಕಗಳಲ್ಲಿ ಎರಡನೆಯದು ಇರಲೇ ಇಲ್ಲ, ಹೇಡಿಸ್ ಒಬ್ಬನೇ ಕೆಟ್ಟವನು. ಈ 'ಕೊಟ್ಟ' ಇದೆಯಲ್ಲ, ಇದಕ್ಕೆ ಕನ್ನಡದಲ್ಲಿ ಏನೂ ವಿವರಣೆ ಬೇಕಾಗಿಲ್ಲ. ಮಗಳನ್ನ ಎಲ್ಲಿಗೆ ಕೊಟ್ಟಿದ್ದೀರಿ, ಯಾರಿಗೆ ಕೊಟ್ಟಿದ್ದೀರಿ ಅಂತ ನಾವು ದಿನಾ ಕೇಳೋದು ಅದೇ ಪದದಲ್ಲಿ. ಹಾಗಾಗಿ ನನ್ನ ಮೊದಲ ವಾಕ್ಯ ಹೀಗಾಯಿತು: "ಹೇಡಿಸ್ ಹುಡುಗಿಯನ್ನು ಎಳೆದುಕೊಂಡು ಹೋದ; ಅಪ್ಪ ಅವಳನ್ನು ಆಗಲೇ ಅವನಿಗೆ ಕೊಟ್ಟಾಗಿತ್ತು." ಅಮ್ಮನಿಗೆ ಮಾತ್ರ ಗೊತ್ತಿಲ್ಲ.

ಅಮ್ಮ ಒಂಬತ್ತು ದಿನ ಉರಿಯುವ ಪಂಜು ಹಿಡಿದು, ಊಟ ಇಲ್ಲ ಸ್ನಾನ ಇಲ್ಲ, ಹುಡುಕುತ್ತಾಳೆ. ಕೊನೆಗೆ ನಿಜ ಹೇಳೋದು ಎಲ್ಲವನ್ನೂ ಮೇಲಿಂದ ನೋಡುವ ಸೂರ್ಯ, ಹೀಲಿಯಸ್. ಮೊದಲ ಕರಡಿನಲ್ಲಿ ಅವನಿಗೆ ಒಂದೇ ಸಾಲು ಕೊಟ್ಟಿದ್ದೆ. ಅತ್ತೆಯ ಪ್ರಶ್ನೆ ಆದ ಮೇಲೆ ಮತ್ತೆ ಓದಿದರೆ, ಅವನು ಸುದ್ದಿ ಹೇಳಿ ಸುಮ್ಮನಾಗಲ್ಲ, ಬುದ್ಧಿವಾದಕ್ಕೆ ಇಳಿಯುತ್ತಾನೆ. ಅಳು ನಿಲ್ಲಿಸು, ಅಳಿಯನಾಗಲು ಅವನಿಗೇನು ಕಡಿಮೆ, ನಿನ್ನ ಒಡಹುಟ್ಟಿದವನೇ ತಾನೇ, ಪಾಲು ಮಾಡಿದಾಗ ಮೂರರಲ್ಲಿ ಒಂದು ಪಾಲು ಬಂದವನು! ಇದನ್ನು ಹೇಳುವಾಗ ನನಗೆ ಪದ ಹುಡುಕಬೇಕಾಗಲಿಲ್ಲ. ಅತ್ತೆ ನನಗಿಂತ ಮುಂಚೆ ವಾಕ್ಯ ಮುಗಿಸಿದರು: "ಹೊರಗಿನವರಿಗೇನು ಕೊಟ್ಟಿಲ್ಲವಲ್ಲ, ತಮ್ಮನಿಗೇ ತಾನೇ." ಆಮೇಲೆ ಸ್ವಲ್ಪ ಹೊತ್ತು ಬಿಟ್ಟು, ನಮ್ಮಮ್ಮನಿಗೂ ಹೀಗೇ ಅಂದಿದ್ದರು ಅಂದರು. ಅವರ ವಾಕ್ಯ ಹಾಗೇ ಉಳಿಸಿಕೊಂಡಿದ್ದೀನಿ.

ನನಗೆ ಅತ್ಯಂತ ಇಷ್ಟವಾದ ಭಾಗ ಇದಾದ ಮೇಲೆ ಬರೋದು. ಡಿಮೀಟರ್ ದೇವರುಗಳ ಸಹವಾಸವೇ ಬೇಡ ಅಂತ ಮುದುಕಿಯ ವೇಷದಲ್ಲಿ ಎಲ್ಯೂಸಿಸ್ ಅನ್ನೋ ಊರಿನ ಬಾವಿಕಟ್ಟೆ ಹತ್ತಿರ ಕೂತಿರುತ್ತಾಳೆ. ನೀರಿಗೆ ಬಂದ ನಾಲ್ಕು ಹುಡುಗಿಯರು, ಅಕ್ಕತಂಗಿಯರು, ಯಾರಜ್ಜಿ ನೀನು ಅಂತ ಮಾತಾಡಿಸುತ್ತಾರೆ. ಅವಳು ಕೆಲಸ ಕೇಳುತ್ತಾಳೆ. ಮಗು ನೋಡಿಕೊಳ್ತೀನಿ, ಮನೆ ಕಾಯ್ತೀನಿ, ಯಜಮಾನರ ಹಾಸಿಗೆ ಹಾಸ್ತೀನಿ. ಬೆಳೆಯ ದೇವತೆ ಮನೆಕೆಲಸ ಕೇಳ್ತಿದ್ದಾಳೆ! ಮನೆಯೊಡತಿ ಮೆಟನೈರ ಕೆಂಪು ದ್ರಾಕ್ಷಾರಸ ಕೊಟ್ಟರೆ ಬೇಡ ಅಂತಾಳೆ. ಜವೆಗೋಧಿ, ನೀರು, ಪುದೀನದ ಜಾತಿಯ ಒಂದು ಸೊಪ್ಪು ಹಾಕಿ ಕಲಸಿ ಕೊಡಿ ಅಂತಾಳೆ. ಗ್ರೀಕರು ಇದಕ್ಕೆ ಕಿಕಿಯಾನ್ ಅಂತಾರೆ, ಮುಂದೆ ಎಲ್ಯೂಸಿಸ್‌ನ ಗುಟ್ಟಿನ ವ್ರತದಲ್ಲಿ ಇದೇ ಪಾನೀಯ ಬರುತ್ತೆ. ನಾನು ಗಂಜಿ ಅಂತಲೇ ಬರೆದೆ.

ಅಲ್ಲೇ ಇಯಾಂಬೆ ಅನ್ನೋ ಕೆಲಸದವಳು ಏನೇನೋ ತಮಾಷೆ ಮಾಡಿ ಆ ಅಮ್ಮನನ್ನು ನಗಿಸುತ್ತಾಳೆ. ಏನು ತಮಾಷೆ ಅಂತ ಸ್ತೋತ್ರ ಹೇಳಲ್ಲ. ಎಲ್ಯೂಸಿಸ್‌ಗೆ ಹೋಗುವ ಮೆರವಣಿಗೆಯಲ್ಲಿ ಸೇತುವೆ ಮೇಲೆ ನಿಂತು ಪೋಲಿ ಮಾತಲ್ಲಿ ಬೈದು ಗೇಲಿ ಮಾಡುವ ಪದ್ಧತಿ ಇತ್ತು, ಅಂದಮೇಲೆ ಜೋಕೂ ಆ ಜಾತಿಯದ್ದೇ ಇರಬೇಕು. ನಮ್ಮ ಬೀಗರ ಹಾಡು ಕೇಳಿದವರಿಗೆ ಇದು ಹೊಸದಲ್ಲ. ಮೂರು ಜೋಕು ಬರೆದೆ, ಮೂರನ್ನೂ ಹೊಡೆದುಹಾಕಿದೆ. ಅತ್ತೆಗೆ ಓದಿದಾಗ ನಗು ಬಂದಿದ್ದು "ಇಯಾಂಬೆ ಅವಳ ಕಿವಿಯಲ್ಲಿ ಏನೋ ಹೇಳಿದಳು" ಅಂತಷ್ಟೇ ಬರೆದಾಗ.

ಒಂದು ವಿಷಯ ಕತೆಯೊಳಗೆ ತುರುಕಲು ನೋಡಿ ಸೋತೆ. ಎಲ್ಯೂಸಿಸ್ ಈಗಲೂ ಇದೆ, ಅಥೆನ್ಸ್ ಹತ್ತಿರದ ಎಲೆಫ್ಸಿನಾ. 1801ರಲ್ಲಿ ಕ್ಲಾರ್ಕ್ ಅನ್ನೋ ಇಂಗ್ಲಿಷಿನವನು ಅಲ್ಲಿಗೆ ಹೋದಾಗ ಒಂದು ದೊಡ್ಡ ಕಲ್ಲಿನ ಹೆಣ್ಣುಮೂರ್ತಿ ಗೊಬ್ಬರದ ರಾಶಿಯಲ್ಲಿ ಕತ್ತಿನ ತನಕ ಹೂತಿತ್ತಂತೆ. ಊರವರು ಗೊಬ್ಬರ ಸುರಿಯುತ್ತಿದ್ದದ್ದೇ ಅವಳ ಸುತ್ತ, ಅವಳಿದ್ದರೆ ಬೆಳೆ ಅಂತ ನಂಬಿಕೆ. ಅವರು ಬೇಡ ಅಂದರೂ ಅವನು ಹೊತ್ತುಕೊಂಡು ಹೋದ. ಹಡಗು ಇಂಗ್ಲೆಂಡಿನ ಕರಾವಳಿಯಲ್ಲಿ ಒಡೆಯಿತು, ಮೂರ್ತಿ ಮಾತ್ರ ಉಳಿದು ಕೇಂಬ್ರಿಜ್‌ನ ಮ್ಯೂಸಿಯಂ ಸೇರಿತು. ಅವಳು ಡಿಮೀಟರ್ ಅಲ್ಲವೇ ಅಲ್ಲ, ದ್ವಾರದ ಕಂಬವಾಗಿದ್ದ ಒಂದು ಹೆಣ್ಣು ಅಷ್ಟೇ ಅಂತ ಪಂಡಿತರು ಹೇಳುತ್ತಾರೆ. ಗೊಬ್ಬರ ಹಾಕಿದವರಿಗೆ ಅದು ಮುಖ್ಯವಾಗಿರಲಿಲ್ಲ ಅನಿಸುತ್ತೆ.

ಇನ್ನು ದಾಳಿಂಬೆ. ಬೆಳೆ ನಿಂತ ಮೇಲೆ ಜೀಯಸ್ ಹುಡುಗಿಯನ್ನು ವಾಪಸ್ ಕರೆಸುತ್ತಾನೆ, ಆದರೆ ಪಾತಾಳದಲ್ಲಿ ಏನಾದರೂ ತಿಂದರೆ ಅಲ್ಲಿಂದ ಪೂರ್ತಿ ಬಿಡುಗಡೆ ಇಲ್ಲ. ಓವಿಡ್ ಅನ್ನೋ ರೋಮನ್ ಕವಿ ಏಳು ಕಾಳು ತಿಂದಳು ಅಂತಾನೆ, ಇನ್ನೊಂದು ಕಡೆ ಅವನೇ ಮೂರು ಅಂತಾನೆ. ಸ್ತೋತ್ರದಲ್ಲಿ ಒಂದೇ ಕಾಳು. ಈಗಿನ ಎಷ್ಟೋ ಮರುಕತೆಗಳಲ್ಲಿ ಹುಡುಗಿ ತಾನೇ ಬೇಕಂತ ತಿನ್ನುತ್ತಾಳೆ, ಹೇಡಿಸ್ ಒಂಟಿ ಜೀವ, ಅಮ್ಮನದೇ ಅತಿ ಕಾಟ, ಕೊನೆಗೆ ಪ್ರೇಮಕತೆ. ನನ್ನ ಸ್ನೇಹಿತೆಯೊಬ್ಬಳು ನೀನೂ ಹಾಗೇ ಬರಿ, ಹುಡುಗಿಯರು ಓದ್ತಾರೆ ಅಂದಳು. ಓದಬಹುದು. ಆದರೆ ಸ್ತೋತ್ರದ ಕವಿ ಇಲ್ಲಿ ಮಾಡಿರೋ ಕೆಲಸ ನನಗೆ ಅದಕ್ಕಿಂತ ಜಾಸ್ತಿ ಹೊಸದಾಗಿ ಕಂಡಿತು. ತಾನು ಕತೆ ಹೇಳುವಾಗ, ಹೇಡಿಸ್ ಕದ್ದುಮುಚ್ಚಿ ಕಾಳು ಕೊಟ್ಟ ಅಂತಾನೆ. ಆಮೇಲೆ ಹುಡುಗಿ ಅಮ್ಮನಿಗೆ ಹೇಳುವಾಗ, ನನಗೆ ಇಷ್ಟ ಇರಲಿಲ್ಲ, ಬಲವಂತ ಮಾಡಿ ತಿನ್ನಿಸಿದ ಅಂತಾಳೆ. ಎರಡರಲ್ಲಿ ಯಾವುದು ನಿಜ ಅಂತ ಕವಿ ಬಾಯಿ ಬಿಡಲ್ಲ. ನಾನೂ ಬಿಡಲಿಲ್ಲ, ಎರಡನ್ನೂ ಹಾಗೇ ಇಟ್ಟೆ. ವರ್ಷದ ಮೂರನೇ ಒಂದು ಭಾಗ ಕೆಳಗೆ, ಉಳಿದದ್ದು ಅಮ್ಮನ ಹತ್ತಿರ ಅಂತ ತೀರ್ಮಾನ ಆಗುತ್ತೆ. ತವರಿಗೆ ಎಂಟು ತಿಂಗಳು ಅಂದರೆ ನಮಗಿಂತ ವಾಸಿ ಅಂದರು ಅತ್ತೆ.

ಕೊನೆಗೆ ಉಳಿದಿದ್ದು ತಾಯಿ ಮಗಳು ಸೇರುವ ಜಾಗ. ಈ ಇಡೀ ಸ್ತೋತ್ರ ಉಳಿದಿರೋದು ಒಂದೇ ಒಂದು ಕೈಬರಹದ ಪ್ರತಿಯಲ್ಲಿ. 1777ರಲ್ಲಿ ಮಾಸ್ಕೋದಲ್ಲಿ ಮತ್ತೈ ಅನ್ನೋ ಜರ್ಮನ್ ವಿದ್ವಾಂಸನಿಗೆ ಸಿಕ್ಕಿದ್ದು, ಕೋಳಿ ಹಂದಿಗಳ ಮಧ್ಯೆ ಒಂದು ಲಾಯದಲ್ಲಿ ಬಿದ್ದಿತ್ತು ಅಂತ ಕತೆ. ಈಗ ಅದು ಹಾಲೆಂಡಿನ ಲೈಡನ್‌ನಲ್ಲಿದೆ. ಅದರಲ್ಲಿ ಹಾಳೆ ಹರಿದಿರೋದು ಸರಿಯಾಗಿ ಇಲ್ಲೇ, 387ನೇ ಸಾಲಿನಿಂದ. ಅಮ್ಮ ಬೆಟ್ಟದಿಂದ ಹುಚ್ಚಿಯ ಹಾಗೆ ಓಡಿ ಇಳಿಯುತ್ತಾಳೆ, ಆಮೇಲಿನ ಸಾಲುಗಳು ಅರ್ಧರ್ಧ. ಅಪ್ಪಿಕೊಂಡಿದ್ದನ್ನು ವಿದ್ವಾಂಸರು ಉಳಿದ ತುಂಡು ಪದಗಳಿಂದ ಊಹಿಸಿಕೊಂಡಿದ್ದಾರೆ. ಆ ತುಂಡುಗಳಲ್ಲಿ ಉಳಿದಿರೋದು ಅಮ್ಮನ ಮೊದಲ ಪ್ರಶ್ನೆ: ಮಗಳೇ, ಅಲ್ಲಿ ಏನಾದರೂ ತಿಂದೆಯಾ?

ಇದನ್ನು ನಾನು "ಮಗಳೇ, ಪಾತಾಳದಲ್ಲಿ ಆಹಾರವನ್ನೇನಾದರೂ ಸೇವಿಸಿದೆಯಾ?" ಅಂತ ಬರೆದಿದ್ದೆ. ಅತ್ತೆ ಒಪ್ಪಲಿಲ್ಲ. ಊರಿಂದ ಬಂದ ಮಗಳನ್ನ ಯಾವ ತಾಯಿ ಹಾಗೆ ಕೇಳ್ತಾಳೆ ಅಂದರು. ಮದುವೆಯಾದ ವರ್ಷ ಮೊದಲ ಸಲ ತವರಿಗೆ ಹೋದಾಗ ಅವರ ಅಮ್ಮ ಹೊಸ್ತಿಲಲ್ಲೇ ಕೇಳಿದ್ದು ಅವರಿಗೆ ಇನ್ನೂ ನೆನಪಿದೆಯಂತೆ. ಪೆನ್ನು ಕೊಡಿ ಅಂದೆ, ಅವರು ಬರೆಯಲಿಲ್ಲ, ಹೇಳಿದರು, ನಾನು ಬರೆದುಕೊಂಡೆ.

"ಏನಾದ್ರೂ ತಿಂದ್ಯೇನೇ ಅಲ್ಲಿ?"

ಹುಡುಗಿಯ ಉತ್ತರಕ್ಕೆ ಮುಂಚೆ ಒಂದು ಸಾಲು ಖಾಲಿ ಬಿಟ್ಟಿದ್ದೀನಿ.