512 ಎಂಬಿ ಕಂಪ್ಯೂಟರಿನಲ್ಲಿ ಲಿನಕ್ಸ್ ಸರ್ವರ್

ಶಿರಾ, ಪಾವಗಡ ಕಡೆಯ ಶಾಲೆಗಳಲ್ಲೋ ತುಮಕೂರಿನ ಕಾಲೇಜುಗಳಲ್ಲೋ ಮೂಲೆ ಸೇರಿರುವ 512 ಎಂಬಿ ರ‍್ಯಾಮ್‌ನ ಕಂಪ್ಯೂಟರನ್ನು ಗುಜರಿಗೆ ಹಾಕುವ ಬದಲು, ಪಾಠದ ಫೈಲುಗಳನ್ನು ಹಂಚುವ ಸಣ್ಣ ಸರ್ವರ್ ಆಗಿ ಬಳಸಬಹುದು. ಲಿನಕ್ಸ್‌ನ ಒಂದು ಬಗೆಯಾದ ಉಬುಂಟು ಸರ್ವರ್‌ನ ಇನ್‌ಸ್ಟಾಲರ್ ಇಷ್ಟು ಮೆಮೊರಿಯಲ್ಲಿ ಏಗಲಾರದು. ಆದ್ದರಿಂದ ಲಿನಕ್ಸ್‌ನ ಇನ್ನೊಂದು ಬಗೆಯಾದ ಡೆಬಿಯನ್ ಸೂಕ್ತ. ಪ್ರೊಸೆಸರ್ 32 ಬಿಟ್‌ನದಾಗಿದ್ದರೆ 12ನೇ ಆವೃತ್ತಿಯನ್ನು ಆರಿಸಿಕೊಳ್ಳಿ, ಏಕೆಂದರೆ 2025ರಲ್ಲಿ ಬಂದ 13ನೇ ಆವೃತ್ತಿಯಲ್ಲಿ ಅಂಥ ಪಿಸಿಗಳಿಗೆ ಇನ್‌ಸ್ಟಾಲರ್ ಇಲ್ಲ.

ಡೆಬಿಯನ್‌ನ ನೆಟ್‌ಇನ್‌ಸ್ಟ್ ಐಎಸ್‌ಒ ಫೈಲನ್ನು (ಉಳಿದ ಪ್ಯಾಕೇಜುಗಳನ್ನು ಇಂಟರ್ನೆಟ್‌ನಿಂದ ಇಳಿಸಿಕೊಳ್ಳುವ ಚಿಕ್ಕ ಇನ್‌ಸ್ಟಾಲರ್) ಪೆನ್‌ಡ್ರೈವಿಗೆ ಬರೆದು, ನೆಟ್‌ವರ್ಕ್ ಕೇಬಲ್ ಜೋಡಿಸಿ, ಗ್ರಾಫಿಕಲ್ ಅಲ್ಲದ ಇನ್‌ಸ್ಟಾಲ್ ಆಯ್ಕೆಯಿಂದ ಆರಂಭಿಸಿ. ಮೆಮೊರಿ ತೀರ ಕಡಿಮೆಯೆನಿಸಿದರೆ ಇನ್‌ಸ್ಟಾಲರ್ ತಾನೇ ಲೋ ಮೆಮೊರಿ ಮೋಡ್‌ಗೆ ಇಳಿದು, ಅನುವಾದಗಳನ್ನು ಕೈಬಿಟ್ಟು ಇಂಗ್ಲಿಷಿನಲ್ಲಷ್ಟೇ ಮುಂದುವರಿಯುತ್ತದೆ. ಅದನ್ನು ದೋಷವೆಂದು ಭಾವಿಸಬೇಕಿಲ್ಲ.

ನಿಜವಾದ ಎಚ್ಚರ ಬೇಕಾಗುವುದು ಡಿಸ್ಕ್ ಹಂಚಿಕೆಯಲ್ಲಿ. 1 ಜಿಬಿಯ ಸ್ವಾಪ್ ವಿಭಾಗವನ್ನು (ರ‍್ಯಾಮ್ ಸಾಲದಾಗ ಬಳಕೆಯಾಗುವ ಡಿಸ್ಕಿನ ಜಾಗ) ತಪ್ಪದೆ ಮಾಡಿ. ಬದಲಾವಣೆಗಳನ್ನು ಡಿಸ್ಕಿಗೆ ಬರೆಯಲು ಒಪ್ಪಿಗೆ ಕೊಟ್ಟೊಡನೆ ಇನ್‌ಸ್ಟಾಲರ್ ಅದನ್ನು ಬಳಕೆಗೆ ತೆಗೆದುಕೊಳ್ಳುತ್ತದೆ. ಮುಂದೆ ಪ್ಯಾಕೇಜುಗಳನ್ನು ಬಿಚ್ಚುವಾಗ ಮೆಮೊರಿ ಸಾಲದಿದ್ದರೆ ನೆರವಾಗುವುದು ಈ ಸ್ವಾಪ್. ಈ ಹಂತ ಹಳೆಯ ಡಿಸ್ಕಿನಲ್ಲಿ ನಿಧಾನವಾಗಿಯೇ ಸಾಗುತ್ತದೆ. ಬೇಸಿಗೆಯಲ್ಲಿ ಕರೆಂಟು ಹೋಗುವ ಹೊತ್ತು ನೋಡಿಕೊಂಡು, ಸಾಧ್ಯವಾದರೆ ಯುಪಿಎಸ್ ಮೇಲೆ ಕೆಲಸ ಮಾಡುವುದು ಲೇಸು.

ಸಾಫ್ಟ್‌ವೇರ್ ಆಯ್ಕೆಯ ಪರದೆಯಲ್ಲಿ ಡೆಸ್ಕ್‌ಟಾಪ್‌ನ ಮುಂದಿರುವ ನಕ್ಷತ್ರಗಳನ್ನೆಲ್ಲ ಸ್ಪೇಸ್ ಕೀಲಿಯಿಂದ ತೆಗೆದು, ಎಸ್‌ಎಸ್‌ಎಚ್ ಸರ್ವರ್ (ಬೇರೆ ಕಂಪ್ಯೂಟರಿನಿಂದ ಇದನ್ನು ನಿಯಂತ್ರಿಸಲು) ಮತ್ತು ಸ್ಟ್ಯಾಂಡರ್ಡ್ ಸಿಸ್ಟಂ ಯುಟಿಲಿಟಿಗಳನ್ನು ಮಾತ್ರ ಆರಿಸಿಕೊಳ್ಳಿ. ಫೈಲುಗಳನ್ನು ಹಂಚುವ ಸಾಂಬಾ ತಂತ್ರಾಂಶವನ್ನು ನಂತರ ಹಾಕಿಕೊಳ್ಳಬಹುದು.